ಏಸಿ ಇಲ್ಲದ ಹಳೆಯ ಪಿಕಪ್‌ಗೆ ‘ಕಂಪನಿ ಏಸಿ’: ಎರಡು ಬೇಸಿಗೆಗಳ ಬಳಕೆಯ ನಂತರದ ವಿಮರ್ಶೆ

ನನ್ನ ಪಿಕಪ್ ಕಾರ್ಖಾನೆಯಿಂದ ಹೊರಬಿದ್ದದ್ದೇ ಏಸಿ ಇಲ್ಲದೆ. ಒಂದೇ ಸಾಲಿನ ಸೀಟು, ಡೀಸೆಲ್ ಎಂಜಿನ್, ಕೈಯಿಂದ ತಿರುಗಿಸುವ ಕಿಟಕಿ. ವಯಸ್ಸು ಮೂವತ್ತು ದಾಟಿದೆ. ಇದೇ ಮಾದರಿಯ ಮೇಲ್ದರ್ಜೆಯ ಗಾಡಿಗಳಿಗೆ ತಯಾರಕರು ತಾವೇ ಕೂರಿಸಿ ಕೊಡುತ್ತಿದ್ದ ಏಸಿಯನ್ನು ಎರಡು ಬೇಸಿಗೆಗಳ ಹಿಂದೆ ನಾನು ಇದಕ್ಕೆ ಹಾಕಿಸಿದೆ. ಡ್ಯಾಶ್‌ಬೋರ್ಡಿನ ಗುಂಡಿಯಿಂದ ಹಿಡಿದು ಎಂಜಿನ್ ಮುಂದಿನ ಬ್ರಾಕೆಟ್‌ವರೆಗೆ ಈ ಗಾಡಿಗೆಂದೇ ಅಳತೆ ಹಿಡಿದು ಮಾಡಿದ ಸರಂಜಾಮು ಅದು; ವರ್ಕ್‌ಶಾಪ್‌ಗಳಲ್ಲಿ ‘ಕಂಪನಿ ಏಸಿ’ ಎಂದು ಕರೆಯುವುದು ಇದನ್ನೇ. ಮೊದಲೇ ಹೇಳಿಬಿಡುತ್ತೇನೆ: ನನಗೆ ಇದು ಪೂರ್ಣ ತೃಪ್ತಿ ಕೊಟ್ಟಿದೆ, ಇನ್ನೊಂದು ಹಳೆಯ ಪಿಕಪ್ ಕೊಂಡರೆ ಅದಕ್ಕೂ ಇದನ್ನೇ ಹಾಕಿಸುತ್ತೇನೆ. ಆದರೆ ಈ ಕೆಲಸದ ಸೋಲು ಗೆಲುವು ಗ್ಯಾಸನ್ನು ಒತ್ತಿ ಸುತ್ತಿಸುವ ಕಂಪ್ರೆಸರ್ ಎಷ್ಟು ಒಳ್ಳೆಯದು ಎಂಬುದಕ್ಕಿಂತ ಹೆಚ್ಚಾಗಿ, ಒಂದು ಪುಟ್ಟ ಬುಷ್ (ಬೋಲ್ಟಿಗೆ ತೊಡಿಸುವ ಲೋಹದ ಬಳೆ), ನೀರು ಹೊರಹೋಗುವ ರಬ್ಬರ್ ನಳಿಗೆ, ಫ್ಯಾನಿನ ಸುತ್ತಲಿನ ಪ್ಲಾಸ್ಟಿಕ್ ಕವಚ ಮುಂತಾದ, ಯಾರೂ ಏಸಿಯ ಲೆಕ್ಕಕ್ಕೆ ಸೇರಿಸದ ವಸ್ತುಗಳ ಮೇಲೆ ನಿಂತಿದೆ ಎಂಬುದನ್ನು ನಾನು ಕಷ್ಟಪಟ್ಟು ಕಲಿತೆ.

ಹಳೆಯ ಗಾಡಿಗೆ ಏಸಿ ಬೇಕೆಂದರೆ ಸುಲಭದ ದಾರಿ ಬೇರೆಯೇ ಇದೆ. ಡ್ಯಾಶ್‌ಬೋರ್ಡಿನ ಕೆಳಗೆ ನೇತುಹಾಕುವ ಘಟಕವೊಂದು ಸಿಗುತ್ತದೆ. ಅದರೊಳಗೇ ಕೂಲಿಂಗ್ ಕಾಯಿಲ್, ಅದರೊಳಗೇ ಬ್ಲೋವರ್. ಎರಡು ದಿನದಲ್ಲಿ ಕೆಲಸ ಮುಗಿಯುತ್ತದೆ, ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಿಲ್ಲ, ತಂಪಿನಲ್ಲೂ ಹೇಳಿಕೊಳ್ಳುವಂಥ ಕೊರತೆ ಇರುವುದಿಲ್ಲ. ಅಂಥ ಘಟಕವಿದ್ದ ಗಾಡಿಯೊಂದನ್ನು ನಾನು ಹಿಂದೆ ಹಲವು ವರ್ಷ ಓಡಿಸಿದ್ದೇನೆ. ಅದು ಕಾಲಿನ ಜಾಗ ತಿನ್ನುತ್ತದೆ, ತಂಪುಗಾಳಿಯನ್ನು ಎದೆಗೆ ಮಾತ್ರ ಊದುತ್ತದೆ, ಎಲ್ಲಕ್ಕಿಂತ ಮುಖ್ಯವಾಗಿ ಮುಂದಿನ ಗಾಜಿಗೆ ಅದರಿಂದ ಯಾವ ಉಪಯೋಗವೂ ಇಲ್ಲ. ಮಳೆಯಲ್ಲಿ ಗಾಜಿನ ಒಳಮೈಗೆ ಮಂಜು ಕಟ್ಟುವುದು ಗಾಳಿಯ ತೇವದಿಂದ. ಕಂಪನಿ ಏಸಿಯಲ್ಲಿ ಗಾಳಿ ಮೊದಲು ಕೂಲಿಂಗ್ ಕಾಯಿಲನ್ನು ದಾಟುವಾಗ ತನ್ನ ತೇವವನ್ನು ಅಲ್ಲೇ ಬಿಟ್ಟು, ಆಮೇಲೆ ಹೀಟರನ್ನು ದಾಟಿ, ಒಣಗಿದ ಬೆಚ್ಚನೆಯ ಗಾಳಿಯಾಗಿ ಗಾಜಿಗೆ ಬಡಿಯುತ್ತದೆ. ಅರ್ಧ ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಬೇಸಿಗೆಯ ತಂಪಿಗಾಗಿ ಈ ಕೆಲಸಕ್ಕೆ ಕೈಹಾಕಿದ ನನಗೆ, ಮಳೆಗಾಲದ ರಾತ್ರಿಯ ಪ್ರಯಾಣದಲ್ಲಿ ಸಿಕ್ಕ ಈ ಅನುಕೂಲವೇ ಈಗ ಹೆಚ್ಚಿನದೆನಿಸುತ್ತದೆ.

ತಂಪು ಮತ್ತು ಶಾಖ ಒಂದೇ ದಾರಿಯಲ್ಲಿ ಸಾಗುವ ಈ ಏರ್ಪಾಡು ಮೊದಲಿನಿಂದಲೂ ಇದ್ದದ್ದಲ್ಲ. 1940ರ ಮಾದರಿಯ ಪ್ಯಾಕರ್ಡ್ ಕಾರುಗಳಲ್ಲಿ ಕೂಲಿಂಗ್ ಕಾಯಿಲ್ ಹಿಂದಿನ ಡಿಕ್ಕಿಯಲ್ಲಿತ್ತು, ಕಂಪ್ರೆಸರನ್ನು ಬೇಕಾದಾಗ ಎಂಜಿನ್ನಿಗೆ ಜೋಡಿಸಿ ಬೇಡವಾದಾಗ ಬಿಡಿಸುವ ಕ್ಲಚ್ಚೇ ಇರಲಿಲ್ಲ. ಏಸಿ ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ ಬೆಲ್ಟನ್ನು ಕಳಚಬೇಕಿತ್ತು. ಎಲ್ಲವನ್ನೂ ಗಾಡಿಯ ಮುಂಭಾಗಕ್ಕೆ ತಂದು ಹೀಟರಿನೊಡನೆ ಒಂದುಗೂಡಿಸಿ ಕೊಟ್ಟದ್ದು 1954ರ ಮಾದರಿಯ ನ್ಯಾಶ್ ಕಾರು. ಪಿಕಪ್‌ಗಳಿಗೆ ಈ ಸೌಕರ್ಯ ತಡವಾಗಿಯೇ ಬಂತು. ಷೆವರ್ಲೆ ತನ್ನ ಪಿಕಪ್‌ಗಳಿಗೆ ಕಾರ್ಖಾನೆಯ ಏಸಿಯನ್ನು ಮೊದಲು ನೀಡಿದ್ದು 1965ರಲ್ಲಿ. ಅದಾದ ಮೇಲೂ ಬಹುಕಾಲ ದುಡಿಮೆಯ ಗಾಡಿಗಳನ್ನು ಕೊಂಡವರಲ್ಲಿ ಹೆಚ್ಚಿನವರು ಅದನ್ನು ಬೇಡವೆಂದರು. ಏಸಿ ಇರುವ ಮತ್ತು ಇಲ್ಲದ ಒಂದೇ ಮಾದರಿಯ ಹಳೆಯ ಪಿಕಪ್‌ಗಳು ಇಂದು ಅಕ್ಕಪಕ್ಕದಲ್ಲಿ ಸಿಗುವುದು ಈ ಕಾರಣಕ್ಕೆ. ನಮ್ಮಂಥವರ ಕೆಲಸಕ್ಕೆ ಅದೇ ಆಧಾರ.

ನಾನು ಸರಂಜಾಮನ್ನು ಪಡೆದದ್ದು ಗುಜರಿಗೆ ಬಂದಿದ್ದ ಅದೇ ಮಾದರಿಯ, ಆದರೆ ಕೆಲವು ವರ್ಷ ಈಚಿನ ಒಂದು ಗಾಡಿಯಿಂದ. ಹಿಂಬದಿಗೆ ಪೆಟ್ಟು ಬಿದ್ದಿದ್ದ ಆ ಗಾಡಿಯ ಮುಂಭಾಗ ಇಡಿಯಾಗಿ ಉಳಿದಿತ್ತು. ಅಂಗಡಿಯಿಂದ ಅಂಗಡಿಗೆ ಅಲೆದು ಒಂದೊಂದೇ ಭಾಗ ಕೂಡಿಸುವುದಕ್ಕಿಂತ ಇಂಥ ಒಂದು ಗಾಡಿಯನ್ನು ಹುಡುಕಿ, ಅದರ ಮುಂದೆ ಒಂದು ದಿನವಿಡೀ ಕುಳಿತು ನಿಮ್ಮ ಕೈಯಾರೆ ಬಿಚ್ಚುವುದು ಲೇಸು ಎಂದು ನಾನು ಖಚಿತವಾಗಿ ಹೇಳಬಲ್ಲೆ. ಬಿಚ್ಚುವಾಗಲೇ ಜೋಡಣೆಯ ಕ್ರಮ ಕಣ್ಣಿಗೆ ಕಟ್ಟುತ್ತದೆ, ಯಾವ ಬೋಲ್ಟು ಎಲ್ಲಿಯದು ಎಂಬುದು ತಿಳಿಯುತ್ತದೆ. ಬಾನೆಟ್ಟಿನ ಒಳಭಾಗದಲ್ಲಿ ಅಂಟಿಸಿದ್ದ ಚೀಟಿಯ ಚಿತ್ರವನ್ನೂ ತೆಗೆದುಕೊಂಡೆ; ಯಾವ ಗ್ಯಾಸ್, ಎಷ್ಟು ಗ್ರಾಂ ಎಂಬ ವಿವರ ಅದರಲ್ಲಿರುತ್ತದೆ. ಆ ಒಂದು ಚಿತ್ರ ಮುಂದೆ ನನ್ನ ಕಂಪ್ರೆಸರನ್ನು ಉಳಿಸಿತು.

ಕ್ಯಾಬಿನ್ನಿನ ಒಳಗಿನ ಕೆಲಸ ನಾನು ಹೆದರಿದ್ದಷ್ಟು ಕಷ್ಟವಾಗಲಿಲ್ಲ. ಕೆಲವು ಪಿಕಪ್‌ಗಳಲ್ಲಿ ಏಸಿ ಇರುವ ಗಾಡಿಗೂ ಇಲ್ಲದ ಗಾಡಿಗೂ ಹೀಟರ್ ಪೆಟ್ಟಿಗೆಯೇ ಬೇರೆ, ಎಂಜಿನ್ ಮತ್ತು ಕ್ಯಾಬಿನ್ ನಡುವಿನ ತಗಡಿನ ಗೋಡೆಯಲ್ಲಿರುವ ರಂಧ್ರವೂ ಬೇರೆ. ಅಂಥ ಗಾಡಿಯಲ್ಲಿ ತಗಡು ಕತ್ತರಿಸಬೇಕಾಗುತ್ತದೆ. ನನ್ನ ಗಾಡಿಯದು ಮೂರು ಪೆಟ್ಟಿಗೆಗಳ ಏರ್ಪಾಡು: ಒಂದು ತುದಿಯಲ್ಲಿ ಬ್ಲೋವರ್, ನಡುವೆ ಕೂಲಿಂಗ್ ಕಾಯಿಲ್, ಆಮೇಲೆ ಹೀಟರ್. ಏಸಿ ಇಲ್ಲದ ಗಾಡಿಗೆ ನಡುವಿನ ಪೆಟ್ಟಿಗೆಯ ಬದಲು ಖಾಲಿ ಪ್ಲಾಸ್ಟಿಕ್ ಕೊಳವೆಯೊಂದನ್ನು ಸಿಕ್ಕಿಸಿರುತ್ತಾರೆ. ಅದನ್ನು ತೆಗೆದು ಕೂಲಿಂಗ್ ಪೆಟ್ಟಿಗೆ ಇಟ್ಟಾಗ ಬೋಲ್ಟಿನ ರಂಧ್ರಗಳೆಲ್ಲ ತಾವಾಗಿಯೇ ಎದುರುಬದುರಾದವು. ಪೈಪುಗಳು ಹಾಯುವ ರಂಧ್ರಕ್ಕೆ ಕಾರ್ಖಾನೆಯಲ್ಲೇ ರಬ್ಬರ್ ಬಿರಡೆ ಹಾಕಿದ್ದರು. ಗ್ಲೋವ್ ಬಾಕ್ಸಿನ ಹಿಂದೆ ಟೇಪು ಸುತ್ತಿದ್ದ ಏಸಿ ವೈರಿಂಗಿನ ಪ್ಲಗ್ ಕೂಡ ಸಿಕ್ಕಿತು. ಮೂವತ್ತು ವರ್ಷ ಯಾರ ಕೈಯೂ ಮುಟ್ಟದೆ ಕಾದಿದ್ದ ಆ ಪ್ಲಗ್ಗನ್ನು ಕಂಡಾಗ ಆದ ಸಂತೋಷವನ್ನು ನಾನು ಮರೆಯಲಾರೆ.

ಇಲ್ಲಿ ಎರಡು ಭಾಗಗಳನ್ನು ಮಾತ್ರ ಎಚ್ಚರದಿಂದ ನೋಡಬೇಕು. ಒಂದು, ಕಾಯಿಲಿನ ರೆಕ್ಕೆಗಳ ನಡುವೆ ಸಿಕ್ಕಿಸುವ ಪುಟ್ಟ ಉಷ್ಣಸಂವೇದಕ ಮತ್ತು ಅದಕ್ಕೆ ಸೇರಿದ ಆಂಪ್ಲಿಫೈಯರ್ ಎಂಬ ಡಬ್ಬಿ. ಕಾಯಿಲ್ ಸೊನ್ನೆ ಡಿಗ್ರಿಗೆ ಇಳಿದರೆ ಅದರ ಮೇಲಿನ ತೇವ ಹಿಮವಾಗಿ ಗಾಳಿಯ ದಾರಿಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೆ ಸ್ವಲ್ಪ ಮೊದಲೇ ಕಂಪ್ರೆಸರನ್ನು ನಿಲ್ಲಿಸುವುದು ಈ ಜೋಡಿಯ ಕೆಲಸ. ಸಂವೇದಕವನ್ನು ಮೂಲದಲ್ಲಿ ಇದ್ದ ಜಾಗದಲ್ಲೇ, ಇದ್ದಷ್ಟೇ ಆಳಕ್ಕೆ ಸಿಕ್ಕಿಸಬೇಕು. ಇನ್ನೊಂದು, ಕಾಯಿಲಿನಿಂದ ತೊಟ್ಟಿಕ್ಕುವ ನೀರನ್ನು ಹೊರಗೆ ಬಿಡುವ ರಬ್ಬರ್ ನಳಿಗೆ. ಗುಜರಿಯವರು ಇದನ್ನು ಎಳೆದು ಹರಿದುಬಿಡುವುದೇ ಹೆಚ್ಚು. ಅದು ಇಲ್ಲದಿದ್ದರೆ, ಅಥವಾ ಕಟ್ಟಿಕೊಂಡರೆ, ನೀರು ಕಾಲಡಿಯ ಮ್ಯಾಟಿನ ಕೆಳಗೆ ಸೇರಿ ಹಳೆಯ ತಗಡನ್ನು ಸದ್ದಿಲ್ಲದೆ ತಿನ್ನುತ್ತದೆ. ಡ್ಯಾಶ್‌ಬೋರ್ಡ್ ಹೇಗೂ ಹೊರಗೆ ಬಂದಿತ್ತು. ಹೀಟರ್ ಕಾಯಿಲನ್ನೂ ಗಾಳಿದಾರಿಯ ಬಾಗಿಲುಗಳ ಪುಡಿಪುಡಿಯಾಗಿದ್ದ ಸ್ಪಂಜನ್ನೂ ಅದೇ ಸಮಯದಲ್ಲಿ ಹೊಸದು ಮಾಡಿಸಿದೆ. ಆ ಬಾಗಿಲು ಬಿಗಿಯಾಗಿ ಮುಚ್ಚದಿದ್ದರೆ ತಂಪಾದ ಗಾಳಿ ಬಿಸಿ ಹೀಟರನ್ನು ಸವರಿಕೊಂಡೇ ಹೊರಬರುತ್ತದೆ, ಆಗ ಉಳಿದದ್ದೆಲ್ಲ ಸರಿಯಿದ್ದರೂ ಏಸಿ ಮಂದವಾಗಿದೆ ಎನಿಸುತ್ತದೆ.

ಕಷ್ಟ ಎದುರಾದದ್ದು ಎಂಜಿನ್ನಿನ ಮುಂದೆ. ಕಂಪ್ರೆಸರ್ ಕೂರಲು ಎರಕದ ಬ್ರಾಕೆಟ್, ಎಂಜಿನ್ನಿನ ಕ್ರ್ಯಾಂಕ್ ದಂಡಕ್ಕೆ ಏಸಿ ಬೆಲ್ಟಿಗೆಂದು ಹೆಚ್ಚುವರಿ ತೋಡು ಇರುವ ಪುಲ್ಲಿ, ಬೆಲ್ಟನ್ನು ಬಿಗಿ ಹಿಡಿಯುವ ಐಡ್ಲರ್ ಪುಲ್ಲಿ, ಇವೆಲ್ಲ ಆ ಗುಜರಿ ಗಾಡಿಯಿಂದಲೇ ಬಂದವು. ಕಂಪ್ರೆಸರನ್ನು ಮಾತ್ರ ಹೊಸದಾಗಿ ಕೊಂಡೆ. ವರ್ಷಗಟ್ಟಲೆ ಸುಮ್ಮನೆ ನಿಂತ ಕಂಪ್ರೆಸರಿನ ಶಾಫ್ಟ್ ಸೀಲ್, ಅಂದರೆ ತಿರುಗುವ ದಂಡದ ಸುತ್ತ ಗ್ಯಾಸ್ ಸೋರದಂತೆ ತಡೆಯುವ ಬಳೆ, ಒಣಗಿರುತ್ತದೆ, ಅದನ್ನು ನಂಬುವಂತಿಲ್ಲ. ಜೋಡಿಸಿದ ಮೇಲೆ ಬೆಲ್ಟು ಎರಡೇ ವಾರದಲ್ಲಿ ಅಂಚಿನಿಂದ ನೂಲುನೂಲಾಗಿ ಬಿಚ್ಚಿಕೊಂಡಿತು. ಹೊಸ ಬೆಲ್ಟು ಹಾಕಿದರೂ ಅದೇ ಗತಿ. ಕೊನೆಗೆ ಪುಲ್ಲಿಗಳ ಮುಖಕ್ಕೆ ನೇರವಾದ ಪಟ್ಟಿಯೊಂದನ್ನು ಹಿಡಿದು ನೋಡಿದಾಗ ಐಡ್ಲರ್ ಮೂರು ಮಿಲಿಮೀಟರ್ ಹಿಂದಕ್ಕಿರುವುದು ಕಂಡಿತು. ಬ್ರಾಕೆಟ್ಟಿಗೂ ಎಂಜಿನ್ನಿಗೂ ನಡುವೆ ಇರಬೇಕಾಗಿದ್ದ ಒಂದು ಬುಷ್, ಬಿಚ್ಚುವಾಗ ನೆಲಕ್ಕೆ ಉರುಳಿ ಹೋಗಿರಬೇಕು. ಅದೇ ಅಳತೆಯಲ್ಲಿ ಲೇತಿನಲ್ಲಿ ಮಾಡಿಸಿದ ಬುಷ್ ಹಾಕಿದ ದಿನದಿಂದ ಇಂದಿನವರೆಗೆ ಬೆಲ್ಟಿನ ತಂಟೆ ಬಂದಿಲ್ಲ.

ಏಸಿ ಹಾಕಿಸುವವರು ಸಾಮಾನ್ಯವಾಗಿ ಕಡೆಗಣಿಸುವುದು ಎಂಜಿನ್ನಿನ ತಂಪನ್ನು. ಗ್ಯಾಸಿನ ಶಾಖವನ್ನು ಹೊರಗೆ ಬಿಡುವ ಕಂಡೆನ್ಸರ್ ಕೂರುವುದು ರೇಡಿಯೇಟರಿನ ಮುಂದೆ, ಅಂದರೆ ರೇಡಿಯೇಟರಿಗೆ ತಲುಪುವ ಗಾಳಿ ಮೊದಲೇ ಬಿಸಿಯಾಗಿರುತ್ತದೆ. ಜೊತೆಗೆ ಕಂಪ್ರೆಸರ್ ಎಳೆಯುವ ಶಕ್ತಿಯ ಹೊರೆಯೂ ಎಂಜಿನ್ನಿನ ಮೇಲೇ ಬೀಳುತ್ತದೆ. ತಯಾರಕರಿಗೆ ಇದು ಗೊತ್ತಿತ್ತು. ಏಸಿ ಇದ್ದ ಗಾಡಿಗಳಿಗೆ ಅವರು ದಪ್ಪನೆಯ ರೇಡಿಯೇಟರ್, ಹೆಚ್ಚು ಎಲೆಗಳ ಫ್ಯಾನ್, ಅದಕ್ಕೆ ಶಾಖ ನೋಡಿ ಹಿಡಿಯುವ ಕ್ಲಚ್, ಸುತ್ತಲೂ ಪ್ಲಾಸ್ಟಿಕ್ ಕವಚ ಕೊಟ್ಟಿದ್ದರು. ನಾನು ಮೊದಲು ಕವಚವನ್ನು ಬಿಟ್ಟುಬಿಟ್ಟೆ. ನನ್ನ ಹಳೆಯ ರೇಡಿಯೇಟರಿಗೆ ಅದು ಹೊಂದುತ್ತಿರಲಿಲ್ಲ, ಹಳೆಯ ರೇಡಿಯೇಟರೋ ಚೆನ್ನಾಗಿಯೇ ಇತ್ತು. ಮೊದಲ ಬಿರುಬಿಸಿಲಿನಲ್ಲಿ ಸರಕು ಹೇರಿಕೊಂಡು ಏರು ಹತ್ತುವಾಗ ಶಾಖದ ಮುಳ್ಳು ಎಂದೂ ಕಾಣದ ಎತ್ತರಕ್ಕೆ ಏರಿತು. ಕವಚವಿಲ್ಲದ ಫ್ಯಾನ್ ತನ್ನ ಸುತ್ತಲಿನ ಗಾಳಿಯನ್ನೇ ಮತ್ತೆ ಮತ್ತೆ ತಿರುಗಿಸುತ್ತದೆ, ರೇಡಿಯೇಟರಿನ ಮೂಲಕ ಎಳೆಯುವುದು ಕಡಿಮೆ. ಏಸಿ ಗಾಡಿಯ ರೇಡಿಯೇಟರ್, ಫ್ಯಾನ್, ಕವಚ ಮೂರನ್ನೂ ಒಟ್ಟಾಗಿ ಹಾಕಿದ ಮೇಲೆ ಅದೇ ಏರಿನಲ್ಲಿ ಮುಳ್ಳು ಕದಲುವುದಿಲ್ಲ. ನಿಂತ ಗಾಡಿಯಲ್ಲಿ ತಂಪು ಕಡಿಮೆಯಾಗುವ ದೂರು ಕೂಡ ಇದರಿಂದಲೇ ಬಹುಮಟ್ಟಿಗೆ ಹೋಯಿತು, ಏಕೆಂದರೆ ನಿಂತಾಗ ಕಂಡೆನ್ಸರಿಗೆ ಗಾಳಿ ಕೊಡುವುದು ಆ ಫ್ಯಾನ್ ಒಂದೇ.

ವಿದ್ಯುತ್ತಿನ ವಿಷಯ ಹೆಚ್ಚು ಹೇಳುವಂಥದ್ದಲ್ಲ. ಕಂಪ್ರೆಸರ್ ಕ್ಲಚ್ ಮೂರು ನಾಲ್ಕು ಆಂಪಿಯರ್ ಎಳೆದರೆ, ಪೂರ್ಣ ವೇಗದ ಬ್ಲೋವರ್ ಅದರ ಹಲವು ಪಟ್ಟು ಎಳೆಯುತ್ತದೆ. ಎರಡಕ್ಕೂ ಪ್ರತ್ಯೇಕ ರಿಲೇ ಮತ್ತು ಫ್ಯೂಸ್ ಇರಲೇಬೇಕು, ಆಲ್ಟರ್ನೇಟರ್ ಚಿಕ್ಕದಿದ್ದರೆ ಬದಲಿಸಬೇಕು. ಡೀಸೆಲ್ ಗಾಡಿಯವರು ಇಂಧನ ಪಂಪಿನ ಮೇಲೆ ಕೂರುವ ಐಡಲ್-ಅಪ್ ಎಂಬ ಪುಟ್ಟ ನಿರ್ವಾತ ಡಬ್ಬಿಯನ್ನು ಮರೆಯಬಾರದು. ಏಸಿ ಹಾಕಿದೊಡನೆ ಐಡಲಿಂಗ್ ವೇಗವನ್ನು ಅಷ್ಟಿಷ್ಟು ಏರಿಸುವ ಆ ಡಬ್ಬಿ ಇಲ್ಲದಿದ್ದರೆ ಕ್ಲಚ್ ಹಿಡಿದಾಗಲೆಲ್ಲ ಎಂಜಿನ್ ತತ್ತರಿಸುತ್ತದೆ.

ಇನ್ನು ಗ್ಯಾಸ್. ಈ ವಿಮರ್ಶೆ ಬರೆಯಲು ಕೂತದ್ದೇ ಬಹುಪಾಲು ಇದಕ್ಕಾಗಿ. ನನ್ನ ಗಾಡಿಯ ಕಾಲದ ಏಸಿಗಳಲ್ಲಿ ಇದ್ದದ್ದು ಆರ್-12. ಓಜೋನ್ ಪದರಕ್ಕೆ ಹಾನಿ ಮಾಡುವ ಈ ಅನಿಲವನ್ನು 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಕೈಬಿಡಲಾಯಿತು. 1990ರ ದಶಕದಲ್ಲಿ ವಾಹನಗಳು ಆರ್-134ಎಗೆ ಬದಲಾದವು. ಇವೆರಡನ್ನೂ ಅದಲುಬದಲು ಮಾಡಲು ಬರುವುದಿಲ್ಲ. ಆರ್-12ರ ಜೊತೆ ಸುತ್ತುತ್ತಿದ್ದ ಖನಿಜ ಎಣ್ಣೆ ಆರ್-134ಎಯಲ್ಲಿ ಬೆರೆಯುವುದಿಲ್ಲ. ಬೆರೆಯದ ಎಣ್ಣೆ ಕಂಪ್ರೆಸರಿಗೆ ಮರಳಿ ಬರುವುದಿಲ್ಲ. ಎಣ್ಣೆ ಇಲ್ಲದ ಕಂಪ್ರೆಸರ್ ಹೆಚ್ಚು ದಿನ ಬಾಳುವುದಿಲ್ಲ. ಪೈಪಿನ ಕೂಡುಗಳಲ್ಲಿ ಸೋರಿಕೆ ತಡೆಯುವ ರಬ್ಬರ್ ಓ-ರಿಂಗುಗಳೂ ಡ್ರೈಯರ್ ಒಳಗಿನ ತೇವ ಹೀರುವ ಹರಳುಗಳೂ ಹೊಸ ಗ್ಯಾಸಿಗೆ ಒಗ್ಗುವಂಥವೇ ಆಗಿರಬೇಕು. ನಾನು ಕೆಲವು ವರ್ಷ ಈಚಿನ ಗಾಡಿಯನ್ನೇ ಹುಡುಕಿದ್ದು ಇದೇ ಕಾರಣಕ್ಕೆ: ಅದು ಕಾರ್ಖಾನೆಯಿಂದಲೇ ಆರ್-134ಎಗೆ ಸಿದ್ಧವಾದದ್ದು, ಅದರ ಕಂಡೆನ್ಸರ್ ಕೂಡ ದೊಡ್ಡದು. ಆ ಕಂಡೆನ್ಸರಿನ ರೆಕ್ಕೆಗಳು ತುಕ್ಕು ಹಿಡಿದು ಉದುರುತ್ತಿದ್ದುದರಿಂದ ಅದೇ ಅಳತೆಯ ಹೊಸದನ್ನು ತಂದೆ. ಡ್ರೈಯರ್, ಕೂಲಿಂಗ್ ಕಾಯಿಲಿಗೆ ಗ್ಯಾಸನ್ನು ಅಳೆದು ಬಿಡುವ ಎಕ್ಸ್‌ಪಾನ್ಷನ್ ವಾಲ್ವ್ ಮತ್ತು ಪ್ರತಿಯೊಂದು ಓ-ರಿಂಗ್ ಕೂಡ ಹೊಸದೇ.

ಮೊದಲ ಸಲ ಗ್ಯಾಸ್ ತುಂಬಿದ ವರ್ಕ್‌ಶಾಪಿನವರು ಜೋಡಣೆಯನ್ನು ಅಚ್ಚುಕಟ್ಟಾಗಿ ಮಾಡಿದರು. ಆದರೆ ಕೊನೆಯ ಒಂದು ಗಂಟೆಯಲ್ಲಿ ಅವಸರಪಟ್ಟರು. ವ್ಯಾಕ್ಯೂಮ್ ಪಂಪನ್ನು ಹತ್ತೇ ನಿಮಿಷ ಓಡಿಸಿದರು. ಪಂಪಿನ ಕೆಲಸ ಒಳಗಿನ ಗಾಳಿಯನ್ನು ಎಳೆಯುವುದಷ್ಟೇ ಅಲ್ಲ, ಒತ್ತಡವನ್ನು ಬಹಳ ಕೆಳಗಿಳಿಸಿ ಒಳಗೆ ಉಳಿದ ತೇವವನ್ನು ಸಾಮಾನ್ಯ ತಾಪಮಾನದಲ್ಲೇ ಕುದಿಸಿ ಆವಿಯಾಗಿ ಹೊರಗೆ ಎಳೆಯುವುದು. ವರ್ಷಗಳ ಕಾಲ ಬಾಯ್ತೆರೆದು ಬಿದ್ದಿದ್ದ ಹಳೆಯ ಕಾಯಿಲಿಗೆ ಹತ್ತು ನಿಮಿಷ ಯಾವ ಮೂಲೆಗೂ ಸಾಲದು. ಆಮೇಲೆ ಗ್ಯಾಸನ್ನು ತೂಗದೆ, ಡ್ರೈಯರ್ ತಲೆಯ ಮೇಲಿನ ಗಾಜಿನ ಕಿಂಡಿಯಲ್ಲಿ ಗುಳ್ಳೆಗಳು ಕಾಣದಾಗುವವರೆಗೆ ತುಂಬಿದರು. ಆರ್-12ರ ಕಾಲದಲ್ಲಿ ಅದು ಬಳಕೆಯಲ್ಲಿದ್ದ ಪದ್ಧತಿಯೇ. ಆದರೆ ಆರ್-134ಎಯಲ್ಲಿ ಪ್ರಮಾಣ ಸರಿಯಿದ್ದರೂ ಒಂದಷ್ಟು ಗುಳ್ಳೆಗಳು ಕಾಣಬಹುದು. ಅವನ್ನು ಪೂರ್ತಿ ಅಳಿಸಲು ಹೊರಟರೆ ಗ್ಯಾಸ್ ಅತಿಯಾಗುತ್ತದೆ. ಮೂರನೆಯ ದಿನದಿಂದಲೇ ನಿಂತ ಗಾಡಿಯಲ್ಲಿ ಎಂಜಿನ್ ಏದುಸಿರು ಬಿಡತೊಡಗಿತು, ತಂಪು ಹೆಚ್ಚುವ ಬದಲು ಇಳಿಯಿತು. ಇನ್ನೊಂದು ವರ್ಕ್‌ಶಾಪಿನಲ್ಲಿ ಗೇಜ್ ಹಚ್ಚಿದಾಗ ಹೈ ಸೈಡ್ ಒತ್ತಡ, ಅಂದರೆ ಕಂಪ್ರೆಸರಿನಿಂದ ಹೊರಬರುವ ಕಡೆಯ ಒತ್ತಡ, ಅತಿಯೆನಿಸುವ 350 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಮುಟ್ಟಿತ್ತು. ಗ್ಯಾಸನ್ನು ಯಂತ್ರದಿಂದ ಹೊರತೆಗೆದು ತೂಗಿದರೆ 820 ಗ್ರಾಂ, ಚೀಟಿಯಲ್ಲಿದ್ದದ್ದು 600. ಅವರು ಡ್ರೈಯರನ್ನು ಮತ್ತೆ ಬದಲಿಸಿ, ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆದು, ಪಂಪ್ ನಿಲ್ಲಿಸಿದ ಮೇಲೆ ಗೇಜಿನ ಮುಳ್ಳು ಅಲ್ಲಾಡದೆ ನಿಲ್ಲುವುದನ್ನು ಅರ್ಧ ಗಂಟೆ ಕಾದು ನೋಡಿ, ತಕ್ಕಡಿಯ ಮೇಲೆ ಸಿಲಿಂಡರ್ ಇಟ್ಟು ಸರಿಯಾಗಿ 600 ಗ್ರಾಂ ಬಿಟ್ಟರು. ಏಸಿ ಕೆಲಸದಲ್ಲಿ ಒಳ್ಳೆಯ ವರ್ಕ್‌ಶಾಪನ್ನು ಗುರುತಿಸಲು ನಾನು ಈಗ ನೋಡುವುದು ಒಂದನ್ನೇ: ಅಲ್ಲಿ ತಕ್ಕಡಿ ಇದೆಯೇ, ಅದನ್ನು ಬಳಸುತ್ತಾರೆಯೇ.

ಅಂದಿನಿಂದ ಫಲಿತಾಂಶ ಸ್ಥಿರವಾಗಿದೆ. ಹೊರಗೆ 36 ಡಿಗ್ರಿ ಇದ್ದ ಮಧ್ಯಾಹ್ನ ನಡುವಿನ ಕಿಂಡಿಗೆ ಉಷ್ಣಮಾಪಕ ಸಿಕ್ಕಿಸಿ ನೋಡಿದಾಗ, ಓಡುವ ಗಾಡಿಯಲ್ಲಿ 7 ಡಿಗ್ರಿ, ನಿಂತು ಐಡಲಿಂಗ್‌ನಲ್ಲಿದ್ದಾಗ 12 ಡಿಗ್ರಿ ತೋರಿಸಿತು. ಒಂದೇ ಸಾಲಿನ ಪಿಕಪ್‌ನ ಕ್ಯಾಬಿನ್ ಚಿಕ್ಕದಾದ್ದರಿಂದ ತಂಪು ಬೇಗ ತುಂಬುತ್ತದೆ. ಆದರೆ ಗಾಜು ಹೆಚ್ಚು, ಬೆನ್ನಿಗೇ ಅಂಟಿದಂತಿರುವ ಹಿಂದಿನ ಗಾಜು ಬೇರೆ, ತಲೆಯ ಮೇಲೆ ಬರಿಯ ತಗಡು. ಚಾವಣಿಯ ಒಳಗೂ ಕಾಲಡಿಯಲ್ಲೂ ಶಾಖ ತಡೆಯುವ ಹಾಸು ಹಾಕಿಸಿ, ಬಾಗಿಲುಗಳ ಸವೆದ ರಬ್ಬರ್ ಅಂಚುಗಳನ್ನು ಬದಲಿಸಿದ ಮೇಲೆ ಬ್ಲೋವರನ್ನು ನಾಲ್ಕರ ಬದಲು ಎರಡರಲ್ಲಿ ಇಟ್ಟರೆ ಸಾಕಾಗುತ್ತಿದೆ. ಈ ಹಾಸಿನ ಕೆಲಸವನ್ನು ಡ್ಯಾಶ್‌ಬೋರ್ಡ್ ಹೊರಗಿದ್ದಾಗಲೇ ಮಾಡಿಸದೆ ಎರಡನೆಯ ಸಲ ಎಲ್ಲವನ್ನೂ ಬಿಚ್ಚಿಸಿದ್ದು ನನ್ನ ತಪ್ಪು. ಮುಂದೆ ಮಾಡಿಸುವವರು ಹಾಗೆ ಮಾಡಬಾರದು.

ಕೊರತೆಗಳೂ ಇವೆ. ಏರಿನಲ್ಲಿ ಶಕ್ತಿ ಕುಂದುವುದು ಚೆನ್ನಾಗಿಯೇ ತಿಳಿಯುತ್ತದೆ. ಟರ್ಬೊ ಇಲ್ಲದ ಹಳೆಯ ಡೀಸೆಲ್ ಎಂಜಿನ್ನಿಗೆ ಕಂಪ್ರೆಸರ್ ಹಗುರವಾದ ಹೊರೆಯಲ್ಲ, ತುಂಬಿದ ಗಾಡಿಯಲ್ಲಿ ಒಂದು ಗೇರ್ ಕೆಳಗಿಳಿಯಬೇಕಾಗುತ್ತದೆ. ಲೀಟರಿಗೆ 12 ಕಿಲೋಮೀಟರ್ ಓಡುತ್ತಿದ್ದದ್ದು ಏಸಿ ಹಾಕಿದಾಗ 11ರ ಆಸುಪಾಸಿಗೆ ಬಂದಿದೆ. ಎಂಜಿನ್ನಿನ ಮುಂಭಾಗ ಈಗ ಕಿಕ್ಕಿರಿದಿದೆ. ಮೊದಲು ಕೈಗೆ ನೇರವಾಗಿ ಸಿಗುತ್ತಿದ್ದ ಆಯಿಲ್ ಫಿಲ್ಟರಿಗೆ ಈಗ ಗಾಡಿಯ ಕೆಳಗಿನಿಂದ ಕೈಹಾಕಬೇಕು. ಇದಕ್ಕೆಲ್ಲ ಹಿಡಿದ ಸಮಯವೂ ಕಡಿಮೆಯಲ್ಲ. ಭಾಗಗಳನ್ನು ಹುಡುಕಲು ನಾಲ್ಕು ತಿಂಗಳು, ಜೋಡಣೆಗೆ ಒಂಬತ್ತು ದಿನ, ತಪ್ಪುಗಳನ್ನು ತಿದ್ದಲು ಮತ್ತೊಂದು ತಿಂಗಳು ಬೇಕಾಯಿತು. ಪೂರ್ತಿ ಸರಂಜಾಮು ಒಂದೇ ಗಾಡಿಯಿಂದ ಸಿಗುವಂತಿಲ್ಲ, ಅಥವಾ ಗಾಡಿಯನ್ನು ಅಷ್ಟು ದಿನ ನಿಲ್ಲಿಸಲಾಗದು ಎನ್ನುವವರಿಗೆ ನೇತುಹಾಕುವ ಘಟಕವೇ ಸರಿಯಾದ ಆಯ್ಕೆ. ಅರ್ಧ ಕಂಪನಿಯದು, ಅರ್ಧ ಹೊರಗಿನದು ಎಂದು ಬೆರೆಸಿ ಕಟ್ಟಿದ ಏಸಿಯನ್ನು ಮಾತ್ರ ನಾನು ಯಾರಿಗೂ ಹೇಳಲಾರೆ; ಅದರಲ್ಲಿ ಒಂದು ಪೈಪು ಸೋರಿದರೆ ಬದಲಿ ಪೈಪಿಗೆ ಯಾವ ಭಾಗದ ಸಂಖ್ಯೆಯೂ ಇರುವುದಿಲ್ಲ.

ಬಳಸದ ತಿಂಗಳುಗಳಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಏಸಿ ಓಡಿಸುತ್ತೇನೆ, ಶಾಫ್ಟ್ ಸೀಲಿಗೆ ಎಣ್ಣೆ ತಾಗುತ್ತಿರಲಿ ಎಂದು. ಕಳೆದ ತಿಂಗಳು ಅದೇ ಎರಡನೆಯ ವರ್ಕ್‌ಶಾಪಿಗೆ ಹೋಗಿ ಗ್ಯಾಸನ್ನು ಪೂರ್ತಿ ಹೊರತೆಗೆಸಿ ತೂಗಿಸಿದೆ. ತಕ್ಕಡಿ 580 ಗ್ರಾಂ ತೋರಿಸಿತು. ಕಡಿಮೆಯಾಗಿದ್ದ 20 ಗ್ರಾಂ ಸೇರಿಸಿ, ಕವಾಟಗಳ ಮುಚ್ಚಳ ಬಿಗಿಮಾಡಿ ಗಾಡಿಯನ್ನು ಒಪ್ಪಿಸಿದರು.